ಯಂತ್ರ ಮಲಗಿತೇ ಎಂದು ಕೇಳಬಾರದು

ಚಳಿ ಹೋಗಿಯೂ ಹೋಗದ, ಸೆಕೆ ಬಂದೂ ಬಾರದ ದಿನಗಳು. ಫ್ಯಾನು ಹಾಕಿದರೆ ಮೈ ಜುಮ್ಮೆನ್ನುತ್ತದೆ, ಆರಿಸಿದರೆ ಕತ್ತು ಬೆವರುತ್ತದೆ. ಅಂಥದೊಂದು ಸಂಜೆ, ಬಿಸಿಲು ಎದುರುಮನೆಯ ನೀರಿನ ಟ್ಯಾಂಕಿನ ಮೇಲಕ್ಕೆ ಹತ್ತಿದ ಹೊತ್ತಿಗೆ, ನಮ್ಮ ಬೀದಿಯ ಕರೆಂಟು ಹೋಯಿತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದ ಬ್ಯಾಟರಿ ಪೆಟ್ಟಿಗೆ ಕುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಅಂದಿತು. ಆಮೇಲೆ ಬಿಡದೆ ಕೂಗಿಕೊಂಡು, ಕತ್ತಲಾಗುವ ಮುಂಚೆಯೇ ಬಾಯಿ ಮುಚ್ಚಿತು. ಅದರ ಜೊತೆಗೇ ಆ ಗೂಡಿನಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಹಳೆಯ ಕಂಪ್ಯೂಟರೂ ನಿಂತಿತು. ನಮ್ಮ ಮನೆ ಇಷ್ಟು ಸದ್ದಿಲ್ಲದೆ ಇರಬಲ್ಲದು ಎಂಬುದೇ ನನಗೆ ಮರೆತುಹೋಗಿತ್ತು.

ಮನೆಯಲ್ಲಿರುವುದು ಮೂರು ಜನ. ನಾನು, ಬಸ್ಸು ಓಡಿಸಿ ನಿವೃತ್ತನಾದ ನನ್ನ ತಮ್ಮ, ಮತ್ತು ಅವನ ಮಗಳು. ಅವಳ ಅಮ್ಮ ಹೋದ ಮೇಲೆ ಅವಳ ಜಡೆ ಹೆಣೆದವಳು ನಾನೇ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿಕೊಂಡು ಬದುಕಿದವಳು. ಶಾಲೆಯ ಮುಖ ಕಂಡದ್ದು ಅಕ್ಷರ ಕೂಡಿಸಿ ಓದುವಷ್ಟು, ಅಂಕಿ ಗುರುತಿಸುವಷ್ಟು. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುತ್ತಾಳೆ. ಮನೆಗೆ ಬಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾಳೆ, ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಅದಕ್ಕೇ ತಮ್ಮ ಅವಳಿಗೆ ಕಿವುಡಿ ಎಂದು ಹೆಸರಿಟ್ಟಿದ್ದಾನೆ. ಅವಳು ಕೇಳುವುದೆಲ್ಲ ಹಕ್ಕಿಗಳನ್ನು.

ತಾರಸಿಯ ಮೇಲೆ ಎರಡು ಮೈಕು ನಿಲ್ಲಿಸಿದ್ದಾಳೆ. ಅದರ ತಂತಿ ಇಳಿದು ಬಂದು ಆ ಹಳೆಯ ಕಂಪ್ಯೂಟರಿಗೆ ಸೇರುತ್ತದೆ. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟದ್ದನ್ನು ತಂದು, ಒರೆಸಿ, ಸರ್ವರ್ ಎಂದು ಕರೆದು ಗೂಡಿನಲ್ಲಿ ಇಟ್ಟಿದ್ದಾಳೆ. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಸುಮ್ಮನೆ ಕೂತು, ಮನೆಯ ಹಿಂದಿನ ಜೌಗಿನಲ್ಲಿ ಯಾರು ಕೂಗಿದರು ಎಂದು ಇಡೀ ದಿನ ಕೇಳಿಸಿಕೊಳ್ಳುತ್ತದೆ.

ಆ ಸಂಜೆ ಅವಳು ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಡದೆ ಗೂಡಿನ ಮುಂದೆ ಕೂತಳು.

"ಎಷ್ಟೊತ್ತಿಗೆ ನಿಂತಿತು ಅತ್ತೆ?"

"ಇನ್ನೂ ಬೆಳಕಿತ್ತು."

"ಕತ್ತಲಾಗೋವರೆಗೂ ತಡೀಲಿಲ್ವಾ?"

"ಇಲ್ಲ ಮಗಾ."

ಅವಳು ತಲೆಯ ಮೇಲೆ ಕೈಯಿಟ್ಟಳು. ಬೀದಿಯಲ್ಲಿ ಹಳೆಯ ತಂತಿ ತೆಗೆದು ಹೊಸದು ಎಳೆಯುತ್ತಿದ್ದರು. ಕೆಲಸ ಮುಗಿಯುವವರೆಗೆ ದಿನವೂ ಸಂಜೆ ಕರೆಂಟು ತೆಗೆಯುತ್ತೇವೆಂದು ಸಾರಿಬಿಟ್ಟಿದ್ದರು. ಅವಳ ಸಂಕಟ ಏನೆಂದು ನನಗೂ ತಮ್ಮನಿಗೂ ಗೊತ್ತಿತ್ತು.

ಜೌಗಿಗೆ ಚಳಿಗಾಲದಲ್ಲಿ ಒಂದು ಜಾತಿಯ ಹಕ್ಕಿ ಬರುತ್ತದೆ. ಬೂದು ಬಣ್ಣ, ಉದ್ದ ಕಾಲು, ಯಾವಾಗಲೂ ಏನೋ ಕಳೆದುಕೊಂಡಂತೆ ಕೆಸರು ನೋಡುತ್ತಿರುತ್ತದೆ. ಇದ್ದಷ್ಟು ದಿನ ತುಟಿ ಪಿಟಕ್ಕೆನ್ನುವುದಿಲ್ಲ. ನಾವು ಅದಕ್ಕೆ ಮೂಕಿ ಅನ್ನುತ್ತೇವೆ. ಚಳಿ ಮುಗಿದು ಗುಂಪಾಗಿ ಹೊರಡುವ ಸಂಜೆ, ಬೆಳಕು ಕತ್ತಲೆ ಸೇರುವ ಹೊತ್ತಿಗೆ ಮೇಲೇರುವಾಗ, ಒಂದೇ ಸಲ ಕೂಗುತ್ತದೆ ಎಂದು ನಮ್ಮ ಹುಡುಗಿ ಹೇಳುತ್ತಾಳೆ. ಹೋದ ವರ್ಷ ಅವಳ ಯಂತ್ರ ಆ ಕೂಗಿನ ಮೊದಲರ್ಧ ಹಿಡಿದಿತ್ತು. ಅಷ್ಟರಲ್ಲಿ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು, ಉಳಿದರ್ಧ ಗಾಳಿಗೆ ಹೋಯಿತು. ಅವಳ ಹಕ್ಕಿ ನೋಡುವ ಬಳಗದ ಹಿರಿಯರು, ಒಬ್ಬ ಮೇಷ್ಟ್ರು, ಅದನ್ನು ಕೇಳಿ ನಗುತ್ತಲೇ ಹೇಳಿದ್ದರು: "ಅರ್ಧ ಕೂಗು ಯಾರದ್ದಾದರೂ ಆಗಬಹುದಮ್ಮ. ಗೇಟಿನ ಕೀಲಿಗೆ ಎಣ್ಣೆ ಬಿಟ್ಟು ನೋಡು." ಅಲ್ಲಿಂದ ಒಂದು ವರ್ಷ ಅವಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ. ಈ ಸಲ ಕೂಗು ಪೂರ್ತಿ ಸಿಕ್ಕರೆ ಅವಳ ಮಾತು ಮಾತಾಗುತ್ತದೆ. ತಪ್ಪಿದರೆ ಗೇಟಿನ ಕೀಲೇ ಗತಿ.

"ಕಿವುಡಿಗೆ ಮೂಕಿಯ ಹಾಡು ಬೇಕಂತೆ," ಅಂದ ತಮ್ಮ. "ಮೊಬೈಲಲ್ಲಿ ಹಿಡಿದ್ಬಿಡೋಣ, ನಾನೇ ಮೇಲೆ ಕೂರ್ತೀನಿ."

"ಅಪ್ಪ, ಮೊಬೈಲಿಗೆ ಅಷ್ಟು ದೂರದ್ದು ಗೊರಗೊರ ಅಂತ ಬರುತ್ತೆ. ಮೇಷ್ಟ್ರು ಮತ್ತೆ ಗೇಟು ಅಂತಾರೆ."

"ಹಾಗಿದ್ರೆ ದೊಡ್ಡ ಬ್ಯಾಟರಿ ತಾ."

"ಈ ವರ್ಷ ಆಗಲ್ಲ. ಇರೋ ಬ್ಯಾಟರಿಯಲ್ಲೇ ಕತ್ತಲಾಗೋವರೆಗೆ ಎಳೀಬೇಕು. ಅದು ತಿನ್ನೋದನ್ನ ಕಡಿಮೆ ಮಾಡ್ಬೇಕು."

ಹೀಗೆ ಶುರುವಾಯಿತು.

ಮಾರನೆಯ ದಿನ ಅವಳು ಅಂಗಡಿಯ ಸಹೋದ್ಯೋಗಿಯಿಂದ ಒಂದು ಪುಟ್ಟ ಮೀಟರು ಕೇಳಿ ತಂದಳು. ಬ್ಯಾಟರಿ ಪೆಟ್ಟಿಗೆಗೂ ಯಂತ್ರಕ್ಕೂ ನಡುವೆ ಸಿಕ್ಕಿಸಿದರೆ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಅಂಕಿ ತೋರಿಸುತ್ತದೆ. ಗೂಡಿನೊಳಗೆ ಬಗ್ಗಿ ನೋಡುವುದು ನನಗೂ ತಮ್ಮನಿಗೂ ಆಗದ ಕೆಲಸ. ಆದ್ದರಿಂದ ಒಂದು ಹಳೆಯ ಟ್ಯಾಬ್ಲೆಟ್ಟನ್ನು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಮೊಳೆಗೆ ನೇತುಹಾಕಿ, ಆ ಅಂಕಿ ಅಲ್ಲಿ ದೊಡ್ಡದಾಗಿ ಕಾಣುವ ಹಾಗೆ ಮಾಡಿದಳು. ಅಂಕಿಯ ಕೆಳಗೆ ಒಂದು ಹಸಿರು ಗೆರೆ, ಏರುತ್ತ ಇಳಿಯುತ್ತ, ಹುಳದ ಹಾಗೆ ಎಡಕ್ಕೆ ಹರಿಯುತ್ತಿತ್ತು. ಅದೇ ಪುಟ ತಮ್ಮನ ಮೊಬೈಲಿನಲ್ಲಿ, ಅವಳ ಮೊಬೈಲಿನಲ್ಲಿ. ವೈಫೈ ಪೆಟ್ಟಿಗೆಗೆ ತನ್ನದೇ ಪುಟ್ಟ ಬ್ಯಾಟರಿ ಇದ್ದುದರಿಂದ ಕರೆಂಟು ಹೋದರೂ ಕಾಣುತ್ತಿತ್ತು.

ಮೊದಲ ದಿನ ಅರವತ್ತಮೂರು ತೋರಿಸಿತು.

"ಇಪ್ಪತ್ತೈದಕ್ಕಿಂತ ಕೆಳಗೆ ಬಂದ್ರೆ ಕತ್ತಲೆ ದಾಟುತ್ತೆ," ಅಂದಳು ಅವಳು.

ನನಗೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಹಕ್ಕಿ ಕೂಗದಿರುವಾಗ ಆ ಯಂತ್ರ ಏನು ಮಾಡುತ್ತದೆ? ಮನುಷ್ಯನಾದರೆ ಗೋಡೆಗೆ ಒರಗುತ್ತಾನೆ, ಆಕಳಿಸುತ್ತಾನೆ. ಪಾತ್ರೆ ತೊಳೆಯುತ್ತ ಕೇಳಿಯೇಬಿಟ್ಟೆ.

"ಒಳಗೆ ಪ್ರೊಸೆಸರ್ ಅಂತ ಇದೆ ಅತ್ತೆ, ಲೆಕ್ಕ ಮಾಡೋ ಚೂರು. ಕೆಲಸ ಇಲ್ಲದಾಗ ಅದು ಮಲಗುತ್ತೆ. ಕಣ್ಣು ಮುಚ್ಚೋದು ಒಂಥರ, ತೂಕಡಿಸೋದು ಒಂಥರ, ಗಾಢ ನಿದ್ದೆ ಇನ್ನೊಂಥರ. ಗಾಢ ನಿದ್ದೆಯಲ್ಲಿ ಏನೂ ತಿನ್ನೋದೇ ಇಲ್ಲ ಅನ್ನಬಹುದು."

"ಮಲಗಿದ್ರೆ ಹಕ್ಕಿ ಕೂಗಿದ್ದು ಹೇಗೆ ಕೇಳಿಸುತ್ತೆ?"

"ಶಬ್ದ ಬಂದು ಒಂದು ಬುಟ್ಟಿಗೆ ತುಂಬ್ಕೊತಾ ಇರುತ್ತೆ. ತುಂಬಿದಾಗ ಎದ್ದು, ಸುರಿದು, ಮತ್ತೆ ಮಲಗುತ್ತೆ."

"ಏಳೋಕೆ ಎಷ್ಟು ಹೊತ್ತು?"

"ಕಣ್ಣು ಮಿಟುಕಿಸೋದ್ರೊಳಗೆ. ಆದ್ರೆ ಗಾಢ ನಿದ್ದೆಗೆ ಇಳೀಬೇಕಾದ್ರೆ ನಡುವೆ ಯಾರೂ ಏನೂ ಕೇಳ್ಬಾರ್ದು."

ಪುಣ್ಯವಂತ ಯಂತ್ರ, ಅಂದುಕೊಂಡೆ.

ಅವಳು ಯಂತ್ರದ ಮುಚ್ಚಳ ತೆಗೆದಳು. ನಾನು ಟಾರ್ಚು ಹಿಡಿದೆ. ಪರದೆಗೆ ಚಿತ್ರ ಕಳಿಸುವ ಒಂದು ಹಲಗೆ ಇತ್ತು. ಪರದೆಯೇ ಇಲ್ಲದ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ಕಿತ್ತಿಟ್ಟಳು. ಸುಮ್ಮನೆ ತಿರುಗುತ್ತಿದ್ದ ಒಂದು ಡಿಸ್ಕನ್ನೂ ತೆಗೆದಳು. ಅಂಕಿ ಐವತ್ತೊಂದಕ್ಕೆ ಇಳಿಯಿತು. ತಮ್ಮ ಅಡುಗೆಮನೆಯಿಂದ ಅದನ್ನು ಓದಿ ಹೇಳಿದ ರೀತಿ, ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳಿದಂತಿತ್ತು.

ಆಮೇಲೆ ಅವನದೇ ಸಲಹೆ: "ಅದರ ವೇಗಕ್ಕೆ ಒಂದು ಕಡಿವಾಣ ಹಾಕು. ನಿಧಾನಕ್ಕೆ ಹೋದ ಗಾಡಿ ಕಮ್ಮಿ ಕುಡಿಯುತ್ತೆ. ಅಷ್ಟು ವರ್ಷ ಓಡಿಸಿದೀನಿ, ನನಗೆ ಹೇಳ್ಬೇಡ."

ಅವಳೂ ಹಾಗೇ ಮಾಡಿದಳು. ಪ್ರೊಸೆಸರ್ ತನ್ನ ಕೈಲಾದಷ್ಟರಲ್ಲಿ ಕಾಲುಭಾಗಕ್ಕಿಂತ ವೇಗವಾಗಿ ಓಡಬಾರದೆಂದು ಕಟ್ಟಿಹಾಕಿದಳು. ಅಂಕಿ ನಲವತ್ತೇಳಾಯಿತು. ತಮ್ಮ ಮೀಸೆ ತಿರುವಿದ. ಆದರೆ ಆ ಹಸಿರು ಗೆರೆ ಈಗ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಇಸ್ತ್ರಿ ಹಾಕಿದ ಅಂಚಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಯಂತ್ರಕ್ಕೆ ಎರಡು ಕೆಲಸ. ಶಬ್ದ ತುಂಬಿಡುವುದು ಒಂದು, ತುಂಬಿದ್ದರಲ್ಲಿ ಇದು ಯಾವ ಹಕ್ಕಿ ಎಂದು ಹುಡುಕುವುದು ಇನ್ನೊಂದು. ಎರಡನೆಯದೇ ಭಾರದ್ದು. ಕಾಲು ಕಟ್ಟಿದ ಮೇಲೆ ಆ ಹುಡುಕಾಟ ಮುಗಿಯುವುದೇ ಇಲ್ಲ. ಬೆಳಗಿನ ಹಕ್ಕಿಯನ್ನು ಸಂಜೆಯಾದರೂ ಹುಡುಕುತ್ತಲೇ ಇತ್ತು.

ನನಗೆ ಲಾಂಡ್ರಿಯ ಹಳೆಯ ದಿನಗಳು ನೆನಪಾದವು. ಆಗ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಕಾದಿರುವಾಗ ರಾಶಿಯನ್ನೆಲ್ಲ ಒಂದೇ ಉಸಿರಿಗೆ ತೀಡಿ, ಪೆಟ್ಟಿಗೆ ಪಕ್ಕಕ್ಕಿಟ್ಟು ಕಾಲು ಚಾಚುತ್ತಿದ್ದವರು ಇದ್ದರು. ಒಂದು ಅಂಗಿ, ಒಂದು ಹರಟೆ ಎಂದು ಎಳೆಯುತ್ತ ದಿನವಿಡೀ ಇದ್ದಿಲು ಸುರಿಯುತ್ತಿದ್ದವರೂ ಇದ್ದರು. ಇದನ್ನು ಹೇಳಿದಾಗ ಹುಡುಗಿ, "ಅದನ್ನೇ ನಾನೂ ಯೋಚಿಸ್ತಿದ್ದೆ ಅತ್ತೆ. ಇದನ್ನ ಎರಡನೇ ಥರದವರನ್ನಾಗಿ ಮಾಡಿಬಿಟ್ವಿ," ಎಂದು ಕಡಿವಾಣ ಬಿಚ್ಚಿದಳು. ಹುಡುಕುವ ಕೆಲಸವನ್ನು ಕರೆಂಟು ಇರುವ ಹೊತ್ತಿಗೆ ಮುಂದೂಡಿದಳು. ಆಗ ದಡಬಡನೆ ಮಾಡಿ ಮುಗಿಸಲಿ, ಸಂಜೆ ಬುಟ್ಟಿ ಸುರಿಯುವುದಷ್ಟೇ ಇರಲಿ, ಎಂದು.

"ಇನ್ನು ಇಪ್ಪತ್ತಕ್ಕೆ ಇಳಿಯುತ್ತೆ ನೋಡಿ."

ನಾವು ಮೂವರೂ ಟ್ಯಾಬ್ಲೆಟ್ಟಿನ ಮುಂದೆ ನಿಂತೆವು. ನಲವತ್ತೊಂದಕ್ಕೆ ಇಳಿಯಿತು. ಅಲ್ಲೇ ನಿಂತಿತು.

ಅಲ್ಲಿಂದ ಆ ನಲವತ್ತೊಂದು ನಮ್ಮ ಮನೆಯ ನಾಲ್ಕನೆಯ ಮನುಷ್ಯನಾಯಿತು. ಬೆಳಗ್ಗೆ ಎದ್ದು ಹಾಲು ಇಡುವ ಮೊದಲು ನಾನು ಅದರ ಮುಖ ನೋಡುತ್ತಿದ್ದೆ. ತಮ್ಮ ಗಡ್ಡ ಹೆರೆಯುವಾಗಲೂ ಮೊಬೈಲನ್ನು ಕನ್ನಡಿಯ ಪಕ್ಕ ಒರಗಿಸಿಟ್ಟುಕೊಳ್ಳುತ್ತಿದ್ದ. ಹುಡುಗಿ ಅಂಗಡಿಯಲ್ಲಿ ಒಂದೊಂದು ಗಾಜು ತಿಕ್ಕಿ ಮುಗಿಸಿದಾಗಲೂ ನೋಡುತ್ತಿದ್ದಳಂತೆ. ಏನೇನೋ ಮಾಡಿದಳು. ಯಂತ್ರದ ಬುಡದ ಸೆಟ್ಟಿಂಗಿಗೆ ಹೋಗಿ ಗಾಢ ನಿದ್ದೆಗೆ ಅಪ್ಪಣೆ ಇದೆಯೇ ನೋಡಿದಳು, ಇತ್ತು. ತಂತಿ ಸಿಕ್ಕಿಸುವ ರಂಧ್ರಗಳಲ್ಲಿ ಬಳಸದವನ್ನೆಲ್ಲ ಆರಿಸಿದಳು. ನಲವತ್ತೊಂದು ಜಗ್ಗಲಿಲ್ಲ. ಸಂಜೆ ಕರೆಂಟು ಹೋದರೆ ಬ್ಯಾಟರಿ ಕತ್ತಲಿಗೆ ಮುಂಚೆಯೇ ಕುಂಯ್ ಅಂದು ಬಾಯಿ ಮುಚ್ಚುತ್ತಿತ್ತು. ಜೌಗಿನಲ್ಲಿ ಮೂಕಿಗಳು ಗುಂಪು ಕಟ್ಟಲು ಶುರುಮಾಡಿದ್ದವು.

"ಮಲಗೋಕೆ ಎಲ್ಲಾ ಹಾಸಿಕೊಟ್ಟಿದೀನಿ. ಯಾಕೆ ಮಲಗ್ತಿಲ್ಲ?" ಎಂದು ಅವಳು ಊಟದ ತಟ್ಟೆಯ ಮುಂದೆ ಗೊಣಗಿದಳು.

"ನಿನ್ನ ಹಾಗೇ. ಚಿಕ್ಕವಳಿದ್ದಾಗ ನೀನೆಲ್ಲಿ ಮಲಗ್ತಿದ್ದೆ," ಅಂದೆ.

ಭಾನುವಾರ ಅವಳು ಬಳಗದವರ ಜೊತೆ ಜೌಗಿನ ಆಚೆ ದಡಕ್ಕೆ ಹೋಗಿದ್ದಳು. ನಾನು ಅಡುಗೆಮನೆಯ ಗೋಡೆಯ ಎಣ್ಣೆಜಿಡ್ಡು ಒರೆಸಲೆಂದು ಟ್ಯಾಬ್ಲೆಟ್ಟನ್ನು ಆರಿಸಿ ಮೇಜಿನ ಮೇಲೆ ಕವುಚಿ ಹಾಕಿದೆ. ತಮ್ಮನ ಚಪ್ಪಲಿಯೊಂದು ಹೇಗೋ ಗೂಡಿನೊಳಗೆ ಸೇರಿತ್ತು. ಅದನ್ನು ಎಳೆಯಲು ಅವನು ನರಳುತ್ತ ಮಂಡಿಯೂರಿ ತಲೆ ಒಳಗೆ ಹಾಕಿದ್ದ.

"ಅಕ್ಕಾ, ಹತ್ತೊಂಬತ್ತು."

"ಏನು ಹತ್ತೊಂಬತ್ತು?"

"ಮೀಟರು ಕಣೆ. ಹತ್ತೊಂಬತ್ತು ತೋರಿಸ್ತಿದೆ."

ನಾನು ಕೈ ಒರೆಸಿಕೊಂಡು ಟ್ಯಾಬ್ಲೆಟ್ಟು ಹಚ್ಚಿದೆ. ಅದು ಎಚ್ಚರಗೊಂಡು, ಗೆರೆ ಎಳೆದು, ಅಂಕಿ ತೋರಿಸಿತು.

"ನಲವತ್ತೊಂದೇ ಇದೆ ಕಣೋ. ಕನ್ನಡಕ ಹಾಕ್ಕೊ."

"ಹಾಕ್ಕೊಂಡೇ ಇದೀನಿ." ಅವನ ತಲೆ ಇನ್ನಷ್ಟು ಒಳಗೆ ಹೋಯಿತು. "ಹೌದು, ನಲವತ್ತೊಂದು."

"ನೋಡಿದ್ಯಾ?"

"ಈಗ ತಾನೇ ಹತ್ತೊಂಬತ್ತಿತ್ತು."

ನಾನು ಟ್ಯಾಬ್ಲೆಟ್ಟನ್ನು ಮತ್ತೆ ಆರಿಸಿ ಗೋಡೆಗೆ ಕೈ ಹಚ್ಚಿದೆ.

"ಅಕ್ಕಾ, ಮತ್ತೆ ಹತ್ತೊಂಬತ್ತು."

"ನನ್ನ ಕೈಲಿ ಕೆಲಸ ಮಾಡಿಸ್ಬಾರ್ದು ಅಂತ ಮಾಡಿದೀಯಾ ಹೇಗೆ?" ಎಂದು ಸಿಟ್ಟಿನಿಂದಲೇ ಹಚ್ಚಿದೆ. ನಲವತ್ತೊಂದು. ಆರಿಸಿದೆ. ಅವನು ಒಳಗಿಂದ ಹತ್ತೊಂಬತ್ತು ಅಂದ. ಹಚ್ಚಿದೆ, ಆರಿಸಿದೆ. ಮೀಟರು ಕೆಟ್ಟಿದೆ ಎಂದು ಅವನು, ಟ್ಯಾಬ್ಲೆಟ್ಟು ಕೆಟ್ಟಿದೆ ಎಂದು ನಾನು. ಹುಡುಗಿ ಬಂದಾಗ ಇಬ್ಬರೂ ಒಟ್ಟಿಗೆ ದೂರು ಹೇಳಿದೆವು, ಆಟದಲ್ಲಿ ಜಗಳವಾಡಿದ ಮಕ್ಕಳ ಹಾಗೆ.

ಅವಳು ಬೂಟಿನ ಕೆಸರನ್ನೂ ಒರೆಸದೆ ಮೀಟರಿನ ಮುಂದೆ ಕೂತಳು. "ಅತ್ತೆ, ಹಚ್ಚಿ. ಅಪ್ಪ, ನಿಮ್ಮ ಮೊಬೈಲ್ ತೆಗೀರಿ. ಈಗ ಮುಚ್ಚಿ. ಈಗ ತೆಗೀರಿ." ಆಮೇಲೆ ತನ್ನ ಮೊಬೈಲನ್ನೂ ಒಮ್ಮೆ ತೆಗೆದು ಮುಚ್ಚಿದಳು. ಅಲ್ಲೇ ನೆಲದ ಮೇಲೆ ಅಂಗಾತ ಮಲಗಿ ನಗತೊಡಗಿದಳು.

"ನಾವೇ," ಅಂದಳು. "ನಾವೇ ಎಬ್ಬಿಸ್ತಿದ್ವಿ."

ಕೂರಿಸಿಕೊಂಡು ಹೇಳಿದಳು. ಟ್ಯಾಬ್ಲೆಟ್ಟಿಗೆ ತನ್ನದೇ ಬುದ್ಧಿ ಏನೂ ಇಲ್ಲ. ಕ್ಷಣಕ್ಕೊಮ್ಮೆ ಆ ಯಂತ್ರವನ್ನೇ ಕೇಳುತ್ತದೆ: ಈಗ ಎಷ್ಟು, ಈಗ ಎಷ್ಟು. ಯಂತ್ರ ಎದ್ದು, ಮೀಟರು ಓದಿ, ಗೆರೆಯನ್ನು ಮೊದಲಿಂದ ಎಳೆದು ಕಳಿಸಬೇಕು. ಕಳಿಸಿ ಕಣ್ಣು ಮುಚ್ಚುವಷ್ಟರಲ್ಲಿ ತಮ್ಮನ ಮೊಬೈಲು ಕೇಳುತ್ತದೆ. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಅಂಗಡಿಯಿಂದ ಅವಳದ್ದು.

ಅವಳು ತೊಟ್ಟಿಲಲ್ಲಿದ್ದ ಕಾಲ ನನಗೆ ಕಣ್ಣಿಗೆ ಕಟ್ಟಿತು. ಈ ತಮ್ಮ ಡ್ಯೂಟಿ ಮುಗಿಸಿ ಬಂದವನು, ಮಲಗಿತಾ, ಮಲಗಿತಾ ಎಂದು ಹೊದಿಕೆ ಎತ್ತಿ ಎತ್ತಿ ನೋಡಿ ಎಬ್ಬಿಸಿಬಿಡುತ್ತಿದ್ದ. ಹೇಳಿದೆ. ಅವನು ಕಿವಿ ತುರಿಸಿಕೊಂಡ.

"ಅಂದ್ರೆ ಅದು ಕಮ್ಮಿ ತಿಂತಿದೆಯಾ ಅಂತ ನೋಡೋಕೆ ಹೋಗಿ ನಾವೇ ತಿನ್ನಿಸ್ತಿದ್ವಿ."

"ಹೂಂ ಅಪ್ಪ."

"ಟ್ಯಾಬ್ಲೆಟ್ಟು ಮೊಳೆಗೆ ಹಾಕಿದ್ದು ಯಾರು?"

"ನಾನೇ."

"ಸರಿ ಬಿಡು," ಅಂದ ಅವನು, ತುಂಬ ತೃಪ್ತಿಯಿಂದ.

ಟ್ಯಾಬ್ಲೆಟ್ಟು ಮೊಳೆಯಿಂದ ಇಳಿದು ನನ್ನ ಬಟ್ಟೆಯ ಪೆಟ್ಟಿಗೆ ಸೇರಿತು. ಸಂಜೆ ಕರೆಂಟು ಹೋದಾಗ ಯಾರೂ ಆ ಪುಟ ತೆರೆಯಬಾರದು ಎಂದು ಕಟ್ಟಳೆಯಾಯಿತು. ಪುಟವನ್ನೇ ಅಳಿಸಿಹಾಕು ಅಂದೆ. ಅಷ್ಟಕ್ಕೆ ಮಾತ್ರ ಅವಳ ಮನಸ್ಸು ಒಪ್ಪಲಿಲ್ಲ. ಯಂತ್ರ ಬದುಕಿದೆಯೋ ಇಲ್ಲವೋ ತಿಳಿಯಲು ಒಂದು ಕಿಂಡಿಯಾದರೂ ಇರಲಿ ಅಂದಳು.

ಸೋಮವಾರವೂ ಮಂಗಳವಾರವೂ ಬ್ಯಾಟರಿ ಮೊದಲಿಗಿಂತ ಬಹಳ ಹೊತ್ತು ತಡೆಯಿತು. ಆದರೂ ಬೆಳಕು ಕತ್ತಲೆ ಸೇರುವ ಹೊತ್ತಿಗೇ ಕುಂಯ್ ಅಂದು ನಿಂತಿತು. ನಾವಿಬ್ಬರೂ ಯಾವುದನ್ನೂ ಮುಟ್ಟಿರಲಿಲ್ಲ. ಬುಧವಾರ ಬೆಳಗ್ಗೆ ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಹಿಂದಿನ ಸಂಜೆಗಳ ಗೆರೆ ತೆಗೆದು ನೋಡುತ್ತಿದ್ದಾಗ ತಮ್ಮ ಅವಳ ಭುಜದ ಮೇಲಿಂದ ಇಣುಕಿದ.

"ಈ ಗುಡ್ಡಗಳು ಏನು?"

ಅವಳು ಗೆರೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನೂ ಅಕ್ಕನೂ ತಾರಸಿ ಮೇಲಿದ್ವಿ. ನೀನು ಅಂಗಡಿಯಿಂದ ನೋಡಿದ್ಯಾ?"

"ಒಂದ್ಸಲ."

"ಇಲ್ಲಿ ಗುಡ್ಡಗಳ ಸಾಲೇ ಇದೆಯಲ್ಲ."

ಸಂಜೆ ಅಂಗಡಿಗೆ ಜನ ಹೆಚ್ಚು, ರಜೆ ಸಿಗುವುದಿಲ್ಲ. ಅಲ್ಲಿ ಕೂತು ಅವಳಿಗೆ ತಡೆಯಲಾಗುತ್ತಿರಲಿಲ್ಲ. ಯಂತ್ರ ನಿಂತಿತೋ, ಹಕ್ಕಿ ಹೊರಟಿತೋ ಎಂದು ಒಳಗೊಳಗೇ ಬೇಯುತ್ತಿದ್ದಳು. ಆ ಸಂಜೆಯೂ ಬ್ಯಾಟರಿ ಕತ್ತಲಿಗೆ ಸ್ವಲ್ಪ ಮೊದಲು ಕುಂಯ್ ಅಂದು ನಿಂತಿತು. ಮೂಕಿಗಳು ಹಾರಲಿಲ್ಲ, ನಮ್ಮ ಪುಣ್ಯ. ಗುರುವಾರ ಬೆಳಗ್ಗೆ ಅವಳು ಹೊಸ್ತಿಲು ದಾಟಿದವಳು ಹಿಂದೆ ಬಂದು ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

"ನೀವೇ ಇಟ್ಕೊಳ್ಳಿ ಅತ್ತೆ. ನಾನು ಕೇಳಿದ್ರೂ ಕೊಡ್ಬೇಡಿ."

"ನೀನು ಅಂಗಡಿಯಲ್ಲಿದ್ದು ಹೇಗೆ ಕೇಳ್ತೀಯಾ?"

"ಅದಕ್ಕೇ."

ಆ ಸಂಜೆ ನಾನೂ ತಮ್ಮನೂ ತಾರಸಿಯ ಮೇಲೆ ಚಾಪೆ ಹಾಸಿ ಕೂತೆವು. ಅವನ ಮೊಬೈಲನ್ನೂ ಕಸಿದುಕೊಂಡಿದ್ದೆ. ಮಡಿಲಲ್ಲಿ ಎರಡು ಮೊಬೈಲು, ಅವುಗಳ ಮೇಲೆ ಸೆರಗು. ಬೀದಿಯ ಕರೆಂಟು ಹೋಯಿತು. ಕೆಳಗಿನಿಂದ ಒಂದು ಕುಂಯ್ ಬಂತು. ಅದು ಬ್ಯಾಟರಿ ಕೆಲಸಕ್ಕಿಳಿದ ಗುರುತು. ಎರಡನೆಯದು ಬಂದರೆ ಮುಗಿಯುತ್ತ ಬಂತೆಂದು ಅರ್ಥ. ಇಬ್ಬರೂ ಕಿವಿಯನ್ನು ಮೆಟ್ಟಿಲ ಕಡೆಗೇ ಇಟ್ಟುಕೊಂಡು ಕೂತೆವು.

ಜೌಗಿನಲ್ಲಿ ಮೂಕಿಗಳು ಒತ್ತೊತ್ತಾಗಿ ನಿಂತಿದ್ದವು. ಬಿಸಿಲು ಟ್ಯಾಂಕಿನಿಂದಲೂ ಇಳಿಯಿತು. ಎದುರುಮನೆಯ ಕಿಟಕಿಯಲ್ಲಿ ಯಾರೋ ಮೇಣದಬತ್ತಿ ಹಚ್ಚಿದರು. ಸೊಳ್ಳೆಗಳು ಬಂದವು. ಎರಡನೆಯ ಕುಂಯ್ ಬರಲಿಲ್ಲ. ಬ್ಯಾಟರಿ ಇನ್ನೂ ಉಳಿದಿರುವುದರಿಂದ ಬರಲಿಲ್ಲವೋ, ಯಂತ್ರ ಮೊದಲೇ ನಿಂತುಹೋಗಿ ಪೆಟ್ಟಿಗೆಗೆ ಕೂಗುವ ಕಾರಣವೇ ಇಲ್ಲವೋ, ಇಲ್ಲಿಂದ ತಿಳಿಯುವ ಹಾಗಿರಲಿಲ್ಲ. ಗುಂಯ್ ಎನ್ನುವ ಸದ್ದೂ ಕೇಳುತ್ತಿರಲಿಲ್ಲ. ಗಾಢ ನಿದ್ದೆಯಲ್ಲಿ ಅದರ ಫ್ಯಾನೂ ನಿಲ್ಲುತ್ತದೆಯಂತೆ. ಮಲಗಿದ್ದೂ ನಿಂತಿದ್ದೂ ನಮಗೆ ಒಂದೇ.

"ಅಕ್ಕಾ, ಒಂದೇ ಒಂದ್ಸಲ ನೋಡ್ಲಾ?"

"ಬೇಡ."

"ಬರೀ ಹಚ್ಚಿ ಆರಿಸ್ತೀನಿ."

"ಮಗೂನ ಎಬ್ಬಿಸಿದವನು ನೀನೇ ಅಲ್ವಾ. ಸುಮ್ನೆ ಕೂತ್ಕೊ."

ಅವನು ಏನೋ ಹೇಳಲು ಬಾಯಿ ತೆರೆದ. ಆಗಲೇ ಜೌಗಿನ ಮೇಲೆ ಬೂದು ಬಟ್ಟೆ ಕೊಡವಿದ ಹಾಗೆ ಕಂಡಿತು. ಕತ್ತಲಲ್ಲಿ ಕಣ್ಣು ತೀಡಿಕೊಂಡು ನೋಡುವಷ್ಟರಲ್ಲಿ ಏನೂ ಇರಲಿಲ್ಲ. ಕೂಗು ನನಗೆ ಕೇಳಿಸಲಿಲ್ಲ. ಈಚೆಗೆ ಸಣ್ಣ ದನಿಗಳು ನನ್ನ ಕಿವಿಗೆ ಬೀಳುವುದಿಲ್ಲ. ತಮ್ಮನನ್ನು ಕೇಳಿದೆ. ನೀನು ಬೈಯುತ್ತಿದ್ದೆ, ನನಗೇನು ಕೇಳುತ್ತದೆ ಅಂದ.

ಹುಡುಗಿ ಬಂದಾಗ ಕರೆಂಟೂ ಬಂದಿತ್ತು. ಆದರೂ ಅವಳು ಯಂತ್ರ ಮುಟ್ಟಲಿಲ್ಲ. ಊಟ ಮಾಡಿ ಮಲಗಿದಳು. ಬೆಳಗ್ಗೆ ತಾರಸಿಗೆ ಹತ್ತಿ ನೋಡಿದರೆ ಜೌಗು ಬರಿದಾಗಿತ್ತು. ಒಂದೇ ಒಂದು ಮೂಕಿಯೂ ಇರಲಿಲ್ಲ. ಇಳಿದು ಬಂದು, ನನ್ನ ಪಕ್ಕ ಕೂತು, ಮಡಿಲಿಗೆ ಲ್ಯಾಪ್‌ಟಾಪು ಎಳೆದುಕೊಂಡಳು. ನಿನ್ನೆಯ ಗೆರೆ ಸಣ್ಣಗೆ, ನೆಲಕ್ಕೆ ಹತ್ತಿದ ಹಾಗೆ, ಕರೆಂಟು ಬರುವವರೆಗೂ ಕಡಿಯದೆ ಹೋಗಿತ್ತು. ಒಂದು ಗುಡ್ಡವೂ ಇರಲಿಲ್ಲ. ಅವಳು ಹೆಡ್‌ಫೋನಿನ ಒಂದು ಕಿವಿಯನ್ನು ನನಗೆ ಕೊಟ್ಟು ದನಿ ಜೋರು ಮಾಡಿದಳು.

ಮೊದಲು ಗಾಳಿ. ಆಮೇಲೆ ನನ್ನದೇ ದನಿ: ಸುಮ್ನೆ ಕೂತ್ಕೊ. ಅದರ ಹಿಂದೆಯೇ, ದೂರದಿಂದ, ನೀರೊಳಗಿಂದ ಎದ್ದು ಬಂದ ಹಾಗೆ ಒಂದು ಕೂಗು. ಏರಿತು, ನಡುವೆ ಸ್ವಲ್ಪ ಮುರಿಯಿತು, ಇಳಿದು ಮುಗಿಯಿತು. ಪೂರ್ತಿ ಮುಗಿಯಿತು.

ಅವಳು ಅದನ್ನು ಮತ್ತೆ ಮತ್ತೆ ಹಾಕಿದಳು. ಸಂಜೆ ಮೇಷ್ಟ್ರು ತಾವೇ ಬಂದರು. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಿಸಿದರು. ಆಮೇಲೆ ಹೆಡ್‌ಫೋನು ತೆಗೆದು ಅಂದರು: "ಗೇಟಲ್ಲಮ್ಮ, ಒಪ್ಪಿದೆ. ಮುಂದಿನ ವರ್ಷ ನಾನೂ ಇದೇ ತಾರಸಿ ಮೇಲೆ ಕೂರ್ತೀನಿ. ಆದ್ರೆ ಅದಕ್ಕೂ ಮುಂಚೆ ಒಂದು ಜೋಡಿ ಜಗಳ ಆಡುತ್ತಲ್ಲ, ಅದು ಯಾವ ಜಾತಿ?"

"ಇಲ್ಲೇ ಇರೋವು ಸಾರ್. ವಲಸೆ ಹೋಗಲ್ಲ," ಅಂದಳು ಕಿವುಡಿ.

ತಂತಿ ಎಳೆಯುವವರು ಕೆಲಸ ಮುಗಿಸಿ ಏಣಿ ಹೊತ್ತು ಹೋದದ್ದು ಅದರ ಮುಂದಿನ ವಾರ. ಟ್ಯಾಬ್ಲೆಟ್ಟು ಇನ್ನೂ ನನ್ನ ಬಟ್ಟೆಯ ಪೆಟ್ಟಿಗೆಯಲ್ಲೇ ಇದೆ, ಮೊಳೆಗೆ ಈಗ ಜರಡಿ ನೇತುಹಾಕಿದ್ದೇನೆ. ಮೂಕಿಗಳು ಹೋದದ್ದು ಗುರುವಾರ, ನಾನು ತಮ್ಮನನ್ನು ಗದರುತ್ತಿದ್ದಾಗ.